ತುಟಿಯ ಮೇಲಿನ ಬೆರಳು

ಒಂದು ಬ್ಯಾಸ್ಕೆಟ್‌ಬಾಲ್ ತಂಡವನ್ನು ಊರು ಬಿಡಿಸುವಷ್ಟು ಶಕ್ತಿ ನನ್ನ ಬಲಗೈಯ ತೋರುಬೆರಳಿಗೆ ಇದೆ ಎಂಬುದು ನಿವೃತ್ತನಾಗಿ ಮೂರು ವರ್ಷವಾಗುವವರೆಗೆ ನನಗೇ ಗೊತ್ತಿರಲಿಲ್ಲ. ನೋಡಿದರೆ ಸಾಧಾರಣ ಬೆರಳು. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ತುದಿ ಸ್ವಲ್ಪ ಒರಟಾಗಿದೆ. ಮಡಿಕೇರಿಯ ಚಳಿಯಲ್ಲಿ ಬೆಳಗಿನ ಹೊತ್ತು ಮಡಚಲು ತಕರಾರು ತೆಗೆಯುತ್ತದೆ. ಅದನ್ನು ಎತ್ತಿ ತುಟಿಯ ಮೇಲಿಟ್ಟರೆ ಐವತ್ತು ಮಕ್ಕಳ ತರಗತಿ ಸುಮ್ಮನಾಗುತ್ತದೆ ಎಂಬುದೊಂದೇ ನನಗೆ ತಿಳಿದಿದ್ದ ಅದರ ಮಹಿಮೆ. ಆ ಮಹಿಮೆ ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಜೊತೆ ಮುಗಿಯಿತು ಅಂದುಕೊಂಡಿದ್ದೆ. ಮನೆಯಲ್ಲಿ ಅದಕ್ಕೆ ಮೊದಲಿನಿಂದಲೂ ಮಾನ್ಯತೆ ಇರಲಿಲ್ಲ.

ನಮ್ಮೂರಿಗೆ ಮಹಿಳೆಯರ ವೃತ್ತಿಪರ ತಂಡವೊಂದು ಬಂದದ್ದು ಹೇಗೆ ಎಂಬುದರ ಬಗ್ಗೆ ಎರಡು ಕಥೆಗಳಿವೆ. ತಂಡದ ಒಡೆಯರು ರಜೆಯಲ್ಲಿ ಇಲ್ಲಿನ ಹೋಂಸ್ಟೇ ಒಂದಕ್ಕೆ ಬಂದಿದ್ದಾಗ ಮಂಜಿಗೆ ಮನಸೋತು ತಂಡವನ್ನೂ ಇಲ್ಲೇ ಇಳಿಸಿದರು ಎಂಬುದು ಒಂದು. ಬೇರೆ ಊರುಗಳಲ್ಲಿ ಒಳಾಂಗಣ ಕ್ರೀಡಾಂಗಣ ಸಿಗಲಿಲ್ಲ, ಇಲ್ಲಿ ಖಾಲಿ ಬಿದ್ದಿತ್ತು ಎಂಬುದು ಇನ್ನೊಂದು. ನಾನು ಮೇಷ್ಟ್ರಾದ್ದರಿಂದ ಎರಡನೆಯದನ್ನು ನಂಬುತ್ತೇನೆ. ಅಂತೂ ಆಟಗಾರ್ತಿಯರಿಗೆ ಸಂಬಳ, ತಂಡಕ್ಕೆ ಹಸಿರು ಬಟ್ಟೆ, ಬಸ್ಸಿನ ಮೇಲೆ ಕಾಫಿ ಹಣ್ಣಿನ ಚಿತ್ರ ಎಲ್ಲವೂ ಬಂದವು. ಸಂಜೆ ನಾಲ್ಕಕ್ಕೆ ಆಟ. ಅರ್ಧ ಆಟದ ಹೊತ್ತಿಗೆ ಮೇಲಿನ ಗವಾಕ್ಷಿಗಳಿಂದ ಮಂಜು ಟಿಕೆಟ್ಟಿಲ್ಲದೆ ಒಳಗೆ ಬಂದು ಕೂರುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಕೊಡಗಿನವರಿಗೆ ಆಟ ನೋಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ನಾವು ಕಲಿತದ್ದು ಹಾಕಿಯ ಬದಿಯಲ್ಲಿ ಕೂತು, ಅದರಲ್ಲೂ ಮನೆತನಗಳ ನಡುವಿನ ಹಾಕಿಯ ಬದಿಯಲ್ಲಿ. ಅಲ್ಲಿ ಈ ಕಡೆಯ ಗೋಲ್‌ಕೀಪರು ಆ ಕಡೆಯ ಫಾರ್ವರ್ಡಿಗೆ ಸೋದರಮಾವ. ಆ ಕಡೆಯ ಕ್ಯಾಪ್ಟನ್ ಈ ಕಡೆಯ ಮನೆಯ ಅಳಿಯ. ಗ್ಯಾಲರಿಯಲ್ಲಿ ಕೂತ ಹೆಂಗಸು ಹುಟ್ಟಿದ ಮನೆಗೆ ಒಮ್ಮೆ, ಸೇರಿದ ಮನೆಗೆ ಒಮ್ಮೆ ಚಪ್ಪಾಳೆ ತಟ್ಟಬೇಕು, ಇಲ್ಲದಿದ್ದರೆ ಸಂಜೆ ಎರಡು ಕಡೆಯಿಂದಲೂ ಫೋನು ಬರುತ್ತದೆ. ಹೀಗಾಗಿ ಯಾರು ಚೆನ್ನಾಗಿ ಆಡಿದರೂ ಚಪ್ಪಾಳೆ ತಟ್ಟುವುದು ನಮ್ಮ ಕೈಗಳಿಗೆ ಅಭ್ಯಾಸವಾಗಿದೆ. ಕೊಡವರ ಮನೆತನಕ್ಕೆ ಸೇರದ ನಮ್ಮಂಥವರಿಗೂ ಅದೇ ಅಭ್ಯಾಸ ಅಂಟಿದೆ. ನಮ್ಮ ತಂದೆ ಇಲ್ಲಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಹಾಕಿಯ ನಿಯಮ ಒಂದೂ ಗೊತ್ತಿರದೆ ಇಡೀ ಜೀವನ ಎರಡೂ ಕಡೆಗೆ ಚಪ್ಪಾಳೆ ತಟ್ಟಿ ಎಲ್ಲರಿಗೂ ಬೇಕಾದವರಾಗಿ ಬಾಳಿದರು.

ನಾನು ಬ್ಯಾಸ್ಕೆಟ್‌ಬಾಲ್ ನೋಡಲು ಹೋದದ್ದು ಆಟದ ಮೋಹದಿಂದಲ್ಲ, ಭವ್ಯಳಿಂದಾಗಿ. ಭವ್ಯ ಗುಡ್ಡದ ಕೆಳಗಿನ ಹಳ್ಳಿಯ ಹುಡುಗಿ, ಅಂಗನವಾಡಿ ಟೀಚರ್ ಒಬ್ಬರ ಮಗಳು. ಆರು ಮತ್ತು ಏಳನೆಯ ತರಗತಿಯಲ್ಲಿ ನನ್ನ ಹತ್ತಿರ ಕನ್ನಡ ಓದಿದಳು. ಓದಿದಳು ಎಂಬುದು ಪ್ರೀತಿಯಿಂದ ಹೇಳುವ ಮಾತು. ಕಿಟಕಿ ಬದಿಯಲ್ಲಿ ಕೂತು ಕಾಗದದ ಉಂಡೆಗಳನ್ನು ಮೂಲೆಯ ಕಸದ ಬುಟ್ಟಿಗೆ ಎಸೆಯುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನಾನು ಬೈದು ಹೊರಗೆ ನಿಲ್ಲಿಸಿದ್ದೂ ಉಂಟು. ಹನ್ನೆರಡನೆಯ ವಯಸ್ಸಿಗೆ ಕ್ರೀಡಾ ಹಾಸ್ಟೆಲಿನವರು ಬಂದು ಅವಳನ್ನು ಕರೆದುಕೊಂಡು ಹೋದರು. ಆಮೇಲೆ ಊರೂರಿನ ಹಾಸ್ಟೆಲು, ಊರೂರಿನ ಅಂಗಣ. ಈಗ ಇಪ್ಪತ್ತಮೂರರ ಹರೆಯದಲ್ಲಿ ಹಸಿರು ಬಟ್ಟೆ ತೊಟ್ಟು ವಾಪಸ್ಸು ಬಂದಿದ್ದಳು. ಮನೆಯಿಂದ ಬಸ್ಸು ಹತ್ತಿ ಆಟಕ್ಕೆ ಬರುತ್ತಿದ್ದಳು, ಆಟ ಮುಗಿಸಿ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದಳು.

ಮೊದಲನೆಯ ಪಂದ್ಯದಲ್ಲೇ ಆದದ್ದು ಇದು. ಈ ಆಟದಲ್ಲಿ ಯಾರನ್ನಾದರೂ ತಳ್ಳಿದರೆ, ತಳ್ಳಿಸಿಕೊಂಡವಳಿಗೆ ಒಂದು ಗೆರೆಯ ಮೇಲೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎರಡು ಸಲ ಚೆಂಡನ್ನು ಮೇಲಿನ ಕಬ್ಬಿಣದ ಬಳೆಗೆ ಹಾಕುವ ಅವಕಾಶ ಸಿಗುತ್ತದೆ. ಅದಕ್ಕೆ ಫ್ರೀ ಥ್ರೋ ಎನ್ನುತ್ತಾರೆ, ಒಂದು ಬಿದ್ದರೆ ಒಂದು ಅಂಕ. ಬೇರೆ ಊರಿನಿಂದ ಬಂದ ತೆಳ್ಳಗಿನ ಹುಡುಗಿಯೊಬ್ಬಳು ಆ ಗೆರೆಯ ಮೇಲೆ ನಿಂತಿದ್ದಳು. ನನ್ನ ಹಿಂದಿನ ಸಾಲಿನಿಂದ ಯಾರೋ ಜೋರಾಗಿ ಸಿಳ್ಳೆ ಹಾಕಿದರು. ನನ್ನ ಕುತ್ತಿಗೆ ತಾನಾಗಿ ತಿರುಗಿತು, ಬೆರಳು ತಾನಾಗಿ ತುಟಿಯ ಮೇಲೆ ಹೋಯಿತು. ಸಿಳ್ಳೆ ಹಾಕಿದವನು ಮುತ್ತಣ್ಣ, ನನ್ನ ಹಳೆಯ ವಿದ್ಯಾರ್ಥಿ, ಈಗ ಕಂಟ್ರಾಕ್ಟರು, ಮೀಸೆ ನರೆತಿದೆ. ಅವನು ತಕ್ಷಣ ಕೈ ಕಟ್ಟಿ ಕೂತ. ಅವನ ಸಾಲು ಸುಮ್ಮನಾಯಿತು. ಮಡಿಕೇರಿಯಲ್ಲಿ ಐದು ಜನ ಸೇರಿದರೆ ಅದರಲ್ಲಿ ಇಬ್ಬರಾದರೂ ನನ್ನಿಂದ ಬೈಸಿಕೊಂಡವರು ಇರುತ್ತಾರೆ. ಮೌನ ಸಾಲಿನಿಂದ ಸಾಲಿಗೆ ಹಬ್ಬಿ ಇಡೀ ಗ್ಯಾಲರಿ ಪ್ರಾರ್ಥನೆಯ ಹೊತ್ತಿನ ಹಾಗೆ ನಿಶ್ಶಬ್ದವಾಯಿತು. ಆ ಹುಡುಗಿ ಎರಡೂ ಚೆಂಡುಗಳನ್ನು ಹಾಕಿದಳು. ನಾವು ಚಪ್ಪಾಳೆ ತಟ್ಟಿದೆವು.

ನಿಜ ಹೇಳುತ್ತೇನೆ, ನನಗೆ ತುಂಬ ಖುಷಿಯಾಯಿತು. ಮುಂದಿನ ಪಂದ್ಯಕ್ಕೆ ಒಳ್ಳೆಯ ಸ್ವೆಟರು ಹಾಕಿಕೊಂಡು ಹೋದೆ, ಅದೇ ಸೀಟಿನಲ್ಲಿ ಕೂತೆ. ಎದುರಾಳಿ ಗೆರೆಯ ಮೇಲೆ ನಿಂತಾಗಲೆಲ್ಲ ನೂರಾರು ತಲೆಗಳು ನನ್ನ ಕಡೆ ತಿರುಗುತ್ತಿದ್ದವು. ನಾನು ಗಂಭೀರವಾಗಿ ಬೆರಳು ಎತ್ತುತ್ತಿದ್ದೆ. ಒಂದು ಹೊರಗಿನ ತಂಡದ ಕ್ಯಾಪ್ಟನ್ ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೈ ಮುಗಿದು, ಇಂಥ ಸಭ್ಯ ಜನರನ್ನು ಎಲ್ಲೂ ಕಂಡಿಲ್ಲ ಎಂದಳು. ಮನೆಗೆ ಬಂದು ಇದನ್ನು ನಾಲ್ಕು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ನನ್ನ ಹೆಂಡತಿ ಸುಮಿತ್ರ, ರಿಟೈರಾದ ಮೇಲೆ ನಿಮ್ಮ ಮಾತು ಕೇಳುವವರು ಅಂತೂ ಸಿಕ್ಕಿದರಲ್ಲ ಎಂದು ಹೇಳಿ ಒಗ್ಗರಣೆಯ ಕಡೆ ತಿರುಗಿದಳು.

ಇನ್ನು ಭವ್ಯ ಆ ಗೆರೆಯ ಮೇಲೆ ನಿಂತಾಗ ಏನಾಗುತ್ತಿತ್ತು ಎಂಬುದನ್ನು ಹೇಳಬೇಕು. ಅವಳು ನಮ್ಮ ಹುಡುಗಿ. ನಮ್ಮ ಹುಡುಗಿಯನ್ನು ಸುಮ್ಮನೆ ಬಿಡುವುದು ಹೇಗೆ? ನಿಧಾನ ಭವ್ಯ, ಎಂದು ಒಂದು ಕಡೆಯಿಂದ. ಮೊಣಕಾಲು ಬಗ್ಗಿಸು, ಎಂದು ಇನ್ನೊಂದು ಕಡೆಯಿಂದ. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದಾಳೋ ಇಲ್ಲವೋ ಎಂದು ಅವಳ ಚಿಕ್ಕಮ್ಮ ಗ್ಯಾಲರಿಯಿಂದಲೇ ಕೋಚನ್ನು ವಿಚಾರಿಸುತ್ತಿದ್ದರು. ಬ್ಯಾಸ್ಕೆಟ್‌ಬಾಲನ್ನು ಕೈಯಲ್ಲಿ ಮುಟ್ಟಿಯೂ ನೋಡದ ನಾನು ಕೂಡ, ಎಡಗಡೆ ಸ್ವಲ್ಪ ಎಡಗಡೆ ಎಂದು ಕೂಗಿದ್ದೇನೆ. ನಾವು ಪ್ರೀತಿಯನ್ನು ಸಲಹೆಯ ರೂಪದಲ್ಲಿ ಮಾತ್ರ ಕೊಡಬಲ್ಲ ಜನ. ಅಷ್ಟೂ ಪ್ರೀತಿ ಒಟ್ಟಿಗೆ ಮೈಮೇಲೆ ಬಿದ್ದಾಗ ಕಸದ ಬುಟ್ಟಿಯನ್ನು ಒಮ್ಮೆಯೂ ತಪ್ಪಿಸದ ಭವ್ಯ ಬಳೆಯನ್ನು ತಪ್ಪಿಸುತ್ತಿದ್ದಳು. ಅಯ್ಯೋ ಪಾಪ ಎಂದು ನಾವು ಮುಂದಿನ ಸಲ ಇನ್ನೂ ಜೋರಾಗಿ ಕೂಗುತ್ತಿದ್ದೆವು.

ತಂಡ ಹೊರಗೆ ಹೋದಲ್ಲೆಲ್ಲ ಗೆದ್ದು ಬರುತ್ತಿತ್ತು, ಊರಲ್ಲಿ ಸೋಲುತ್ತಿತ್ತು. ಒಂದು ಅಂಕ, ಎರಡು ಅಂಕದ ಸೋಲು. ನಾವು ಇದಕ್ಕೆ ನೆಲದ ತೇವ, ಮಂಜು, ಕಾಫಿ ಕುಯ್ಲಿನ ಸಮಯವಾದ್ದರಿಂದ ಅರ್ಧ ಊರು ತೋಟದಲ್ಲಿರುವುದು ಹೀಗೆ ನಾನಾ ಕಾರಣ ಹುಡುಕಿದೆವು. ಸೋಲುವ ತಂಡವನ್ನು ನೋಡಲು ಬರುವವರೂ ಕಡಿಮೆಯಾದರು. ಕೊನೆಗೆ ತಂಡದ ಮ್ಯಾನೇಜರು ಹೇಳಿಬಿಟ್ಟರು. ಊರಿನಲ್ಲಿ ಇನ್ನು ಎರಡೇ ಪಂದ್ಯ. ಈ ಊರಿಗೆ ತಂಡ ಬೇಕು ಎಂಬ ಲಕ್ಷಣ ಅಷ್ಟರೊಳಗೆ ಕಾಣದಿದ್ದರೆ ಮುಂದಿನ ವರ್ಷದಿಂದ ತಂಡ ಕರಾವಳಿಯ ಒಂದು ದೊಡ್ಡ ಪಟ್ಟಣಕ್ಕೆ ಹೋಗುತ್ತದೆ.

ಆ ವಾರ ಒಂದು ಬೆಳಿಗ್ಗೆ ತಂಡದ ಕೋಚ್ ಸೆಲ್ವಿ ನಮ್ಮ ಮನೆಗೆ ಬಂದರು, ಜೊತೆಯಲ್ಲಿ ಭವ್ಯ. ಸೆಲ್ವಿ ತಮಿಳುನಾಡಿನವರು, ನಮ್ಮೂರಿಗೆ ಬಂದ ಮೂರೇ ತಿಂಗಳಲ್ಲಿ ಕನ್ನಡ ಕಲಿತಿದ್ದರು. ಸನ್ಮಾನಕ್ಕೆ ಕರೆಯಲು ಬಂದಿರಬೇಕು ಎಂದು ನಾನು ಒಳಗೆ ಹೋಗಿ ಶರಟು ಬದಲಾಯಿಸಿದೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಸೆಲ್ವಿ ಹೇಳಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಆ ಕಡೆಯವ್ರು ಹಾಕುವಾಗ ನೀವು ಬೆರಳು ಎತ್ತಬೇಡಿ. ಎಲ್ಲಾ ಊರಲ್ಲೂ ಅವ್ರಿಗೆ ಗಲಾಟೆ, ನಮ್ಮವ್ರಿಗೆ ಸೈಲೆನ್ಸ್. ನಿಮ್ಮ ಊರಲ್ಲಿ ಮಾತ್ರ ಉಲ್ಟಾ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾಚಿಕೆಯಾಯಿತು. ಇಷ್ಟು ದಿನ ಎದುರಾಳಿಗಳಿಗೆ ಏಕಾಗ್ರತೆಯನ್ನೂ ನಮ್ಮವರಿಗೆ ಗದ್ದಲವನ್ನೂ ನಾನೇ ಸ್ವತಃ ಬಡಿಸುತ್ತಿದ್ದೆ. ಹಾಗಿದ್ದರೂ ನನ್ನೊಳಗಿನ ಮೇಷ್ಟ್ರು ಬಿಡಲಿಲ್ಲ. ಒಬ್ಬಳೇ ನಿಂತ ಹುಡುಗಿಯ ಮೇಲೆ ಕೂಗುವುದು ಸಂಸ್ಕಾರವೇ ಎಂದು ಒಂದು ಸಣ್ಣ ಭಾಷಣ ಶುರು ಮಾಡಿದೆ. ಸೆಲ್ವಿ ತಲೆ ತಗ್ಗಿಸಿ ಕೇಳಿದರು. ಭವ್ಯ ಕೇಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದಳು, ಆರನೆಯ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ. ತಂಡ ಹೋದರೆ ನೀನೂ ಹೋಗುತ್ತೀಯಾ ಎಂದು ಅವಳನ್ನು ಕೇಳಿದೆ.

"ಹೋಗ್ಲೇಬೇಕಲ್ಲ ಸಾರ್, ಆಟ ಎಲ್ಲಾದ್ರೂ ಆಟವೇ," ಎಂದಳು. ಆಮೇಲೆ ಕಿಟಕಿಯಿಂದ ನನ್ನ ಕಡೆ ತಿರುಗಿ, "ಹನ್ನೊಂದು ವರ್ಷ ಆಯ್ತು ಸಾರ್ ಹಾಸ್ಟೆಲ್ ಊಟ. ಆಟ ಮುಗಿಸಿ ಮನೆಗೆ ಹೋಗಿ ಅಮ್ಮನ ಕೈಯ ಕಡುಬು ತಿನ್ನೋದು ಈ ವರ್ಷವೇ ಮೊದ್ಲು," ಎಂದಳು.

ಅವರು ಹೋದ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದೆ. ಆ ಹುಡುಗಿಯನ್ನು ಅಂದು ತರಗತಿಯಿಂದ ಹೊರಗೆ ನಿಲ್ಲಿಸಿದ್ದೆ, ಈಗ ಊರಿನಿಂದಲೇ ಹೊರಗೆ ನಿಲ್ಲಿಸಲು ಹೊರಟಿದ್ದೇನೆ ಅನ್ನಿಸಿತು. ಬೇಸರ ಎಂದರೆ ಸಾಲದು, ನಿಜವಾಗಿ ಸಂಕಟವಾಯಿತು.

ಮುಂದಿನ ಪಂದ್ಯಕ್ಕೆ ನಾನು ಎರಡೂ ಕೈಗಳನ್ನು ಸ್ವೆಟರಿನ ಜೇಬಿನಲ್ಲಿ ಹುದುಗಿಸಿ ಕೂತೆ. ಎದುರಾಳಿ ಗೆರೆಯ ಮೇಲೆ ನಿಂತಳು. ತಲೆಗಳು ನನ್ನ ಕಡೆ ತಿರುಗಿದವು. ನಾನು ಸೂರು ನೋಡಿದೆ. ಬೆರಳು ಕಾಣದ ಗ್ಯಾಲರಿ ಕೂಗಾಡುತ್ತದೆ ಎಂಬುದು ನನ್ನ ಲೆಕ್ಕಾಚಾರ. ಅದರ ಬದಲು ಎಲ್ಲರೂ ಎಂದಿನ ಹಾಗೆ ಸುಮ್ಮನಿದ್ದು ಮೇಷ್ಟ್ರಿಗೆ ಏನೋ ಆಗಿದೆ ಎಂದು ಗಾಬರಿಯಾದರು. ವಿರಾಮದಲ್ಲಿ ಯಾರೋ ಫ್ಲಾಸ್ಕಿನಲ್ಲಿ ಬಿಸಿನೀರು ತಂದರು, ಇನ್ಯಾರೋ ಆಸ್ಪತ್ರೆಗೆ ಜೀಪು ಬೇಕೇ ಎಂದು ಕೇಳಿದರು. ಭವ್ಯ ಗೆರೆಯ ಮೇಲೆ ನಿಂತಾಗ ಮಾತ್ರ ಸಲಹೆಗಳ ಸುರಿಮಳೆ ಯಥಾಪ್ರಕಾರ ನಡೆಯಿತು. ತಂಡ ಒಂದು ಅಂಕದಿಂದ ಸೋತಿತು.

ಹೊರಗೆ ಬಂದು ಮುತ್ತಣ್ಣನಿಗೆ ವಿಷಯ ಬಿಡಿಸಿ ಹೇಳಿದೆ. ಕೂಗಬೇಕಪ್ಪ, ನಿಮಗೆ ಗದ್ದಲ ಮಾಡಲು ಬರುವುದಿಲ್ಲವೇ, ತೋಟಕ್ಕೆ ಆನೆ ಬಂದರೆ ತಗಡಿನ ಡಬ್ಬ ಬಡಿದು ಊರೇ ಎದ್ದೇಳುವ ಹಾಗೆ ಕೂಗುತ್ತೀರಲ್ಲ ಎಂದೆ.

ಮುತ್ತಣ್ಣ ಮೀಸೆ ಸವರಿಕೊಂಡು ಯೋಚಿಸಿದ. "ಆನೆಯನ್ನು ಓಡಿಸ್ಬೇಕು ಸಾರ್. ಬೇರೆ ಊರಿಂದ ಬಂದ ಹುಡುಗಿಯನ್ನು ಓಡಿಸಿ ಎಂತ ಮಾಡೋದು?" ಎಂದ.

ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಮೂವತ್ತನಾಲ್ಕು ವರ್ಷದಲ್ಲಿ ಇನ್ನೊಬ್ಬ ಸಿಕ್ಕಿಲ್ಲ. ಆ ಹೊತ್ತಿಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸೋಣ ಅನ್ನಿಸಿತು.

ಗದ್ದಲವನ್ನು ನಾವು ಮೇಷ್ಟ್ರುಗಳು ಅಸಂಸ್ಕೃತಿಯ ಲೆಕ್ಕಕ್ಕೆ ಹಾಕಿಬಿಟ್ಟಿದ್ದೇವೆ. ಆದರೆ ನಮ್ಮ ಹಳೆಯ ಕಾವ್ಯಗಳನ್ನು ತೆರೆದು ನೋಡಿ. ಯುದ್ಧ ಬಂತೆಂದರೆ ಒಂದು ಬಾಣ ಹೊರಡುವುದರೊಳಗೆ ಭೇರಿ, ಕಹಳೆ, ಶಂಖ, ಆನೆಗಳ ಘೀಳು, ಕುದುರೆಗಳ ಹೇಷಾರವಗಳಲ್ಲಿ ಪದ್ಯಗಳು ಮುಗಿದುಹೋಗುತ್ತವೆ. ವಿದ್ಯಾರ್ಥಿಗಳು ಯಾವಾಗ ಯುದ್ಧ ಶುರುವಾಗುತ್ತದೆ ಸಾರ್ ಎಂದು ಕೇಳುತ್ತಿದ್ದರು. ಇದೇ ಯುದ್ಧ ಎಂದು ಅವರಿಗೆ ಹೇಳಲು ನನಗೆ ಆಗ ತೋಚಿರಲಿಲ್ಲ. ಸೈನಿಕನಿಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಎಂದು ಗೊತ್ತಾಗುವುದು ಕಿವಿಯಿಂದ. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುವುದೂ ಇದಕ್ಕೇ ಇರಬಹುದು. ಈ ವಾದವನ್ನು ಸುಮಿತ್ರಳ ಮುಂದೆ ಮಂಡಿಸಿದಾಗ ಅವಳು, ಶಾಲೆಯಲ್ಲಿ ಮಕ್ಕಳು ಕೂಗುವುದು ಯಾವಾಗ ಅಂತ ನಿಮಗೆ ಗೊತ್ತಿಲ್ಲವೇ ಎಂದಷ್ಟೇ ಕೇಳಿದಳು.

ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಶಾಲೆ ಬಿಡುವ ಲಾಂಗ್ ಬೆಲ್ಲು. ಅದನ್ನು ಕೇಳಿದ ಮೇಲೆ ಕೂಗದ ಮಗುವನ್ನು ನಾನು ಕಂಡಿಲ್ಲ. ನಮ್ಮ ಶಾಲೆಯ ಗಂಟೆ ಎಂದರೆ ತಂತಿಯಲ್ಲಿ ತೂಗುಹಾಕಿದ ಒಂದು ತುಂಡು ರೈಲು ಕಂಬಿ. ರೈಲೇ ಇಲ್ಲದ ನಮ್ಮ ಜಿಲ್ಲೆಗೆ ಅದು ಎಲ್ಲಿಂದ ಬಂತೋ, ಮಕ್ಕಳಿಗೆ ರೈಲಿನ ಬಗ್ಗೆ ಪಾಠ ಮಾಡುವಾಗ ನಾನು ಅದನ್ನೇ ತೋರಿಸುತ್ತಿದ್ದೆ. ಈಗ ಕರೆಂಟಿನ ಬೆಲ್ಲು ಬಂದು ಕಂಬಿ ಸಾಮಾನಿನ ಕೋಣೆ ಸೇರಿದೆ. ಹೆಡ್‌ಮಾಸ್ಟರನ್ನು ಕೇಳಿ ಅದನ್ನು ತಂದೆ. ಕೊನೆಯ ಪಂದ್ಯದ ದಿನ ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಬಾಗಿಲಲ್ಲಿ ಕಾವಲಿನವನು ಕಂಬಳಿ ಬಿಚ್ಚಿಸಿದ. ನೀರಿನ ಬಾಟಲಿಯನ್ನೇ ಒಳಗೆ ಬಿಡುವುದಿಲ್ಲ, ನೀವು ಕಬ್ಬಿಣ ತಂದಿದ್ದೀರಿ ಸಾರ್ ಎಂದು ಬಹಳ ವಿನಯದಿಂದ ಹೇಳಿ ಕಂಬಿಯನ್ನು ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ.

ಕೊನೆಯ ಪಂದ್ಯವೆಂದು ಜನ ತುಂಬಿದ್ದರು. ಬೀಳ್ಕೊಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆಟ ಮುಗಿಯಲು ಅರ್ಧ ನಿಮಿಷವೂ ಇರಲಿಲ್ಲ, ನಾವು ಒಂದು ಅಂಕ ಮುಂದಿದ್ದೆವು. ಆಗ ನಮ್ಮವಳೊಬ್ಬಳು ಯಾರನ್ನೋ ತಳ್ಳಿದಳು. ಎದುರಾಳಿ ತಂಡದ ಎತ್ತರದ ಹುಡುಗಿ ಗೆರೆಯ ಮೇಲೆ ಬಂದು ನಿಂತಳು. ಗ್ಯಾಲರಿ ನಿಶ್ಶಬ್ದವಾಯಿತು. ಎಲ್ಲರೂ ನನ್ನನ್ನು ನೋಡಿದರು. ಅಂಗಣದಲ್ಲಿ ಭವ್ಯಳೂ ನೋಡಿದಳು.

ನಾನು ಎದ್ದು ನಿಂತೆ. ಏನು ಕೂಗಬೇಕೋ ಗೊತ್ತಾಗಲಿಲ್ಲ. ಜೀವಮಾನದಲ್ಲಿ ಕೂಗು ನಿಲ್ಲಿಸಿದವನೇ ಹೊರತು ಕೂಗಿದವನಲ್ಲ. ಬಾಯಿಗೆ ಬಂದದ್ದು ಒಂದೇ.

"ಢಣ ಢಣ ಢಣ ಢಣ ಢಣ ಢಣ."

ಅರುವತ್ತು ದಾಟಿದ ಮನುಷ್ಯ ಒಳ್ಳೆಯ ಸ್ವೆಟರು ಹಾಕಿಕೊಂಡು ತುಂಬಿದ ಸಭೆಯಲ್ಲಿ ಬಾಯಲ್ಲಿ ಗಂಟೆ ಬಾರಿಸುತ್ತಿದ್ದ. ಒಂದು ಕ್ಷಣ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಮುತ್ತಣ್ಣ ಹೋ ಎಂದ. ಅವನ ಹಿಂದಿನಿಂದ ಇಡೀ ಗ್ಯಾಲರಿ ಹೋ ಎಂದಿತು. ಕಂಟ್ರಾಕ್ಟರು, ನರ್ಸು, ಅಂಗಡಿಯವರು, ತೋಟದ ಲೆಕ್ಕ ಬರೆಯುವ ರೈಟರು, ಎಲ್ಲರೂ ನಾಲ್ಕು ಗಂಟೆಯ ಮಕ್ಕಳಾಗಿ ಬೆಂಚು ಬಡಿದು ಕೂಗಿದರು. ತಗಡಿನ ಸೂರು ಅದುರಿತು. ಆ ಎತ್ತರದ ಹುಡುಗಿ ನಮ್ಮನ್ನೆಲ್ಲ ಒಮ್ಮೆ ನೋಡಿ, ಇದೆಲ್ಲ ತನಗೆ ದಿನಾ ಇದ್ದದ್ದೇ ಎಂಬಂತೆ ಮುಗುಳ್ನಕ್ಕು, ಎರಡೂ ಚೆಂಡುಗಳನ್ನು ತಣ್ಣಗೆ ಹಾಕಿದಳು. ನಾವು ಒಂದು ಅಂಕ ಹಿಂದೆ ಬಿದ್ದೆವು.

ಕೊನೆಯ ಎರಡು ಸೆಕೆಂಡು ಇರುವಾಗ ಭವ್ಯಳನ್ನು ಅವರು ತಳ್ಳಿದರು. ಈಗ ಅವಳು ಗೆರೆಯ ಮೇಲೆ. ನಾನು ತಕ್ಷಣ ಬೆರಳನ್ನು ತುಟಿಯ ಮೇಲಿಟ್ಟೆ. ಯಾರೂ ನನ್ನ ಕಡೆ ನೋಡಲಿಲ್ಲ. ಯಾವ ಮೇಷ್ಟ್ರಿಗಾದರೂ ಇದು ಗೊತ್ತಿರಬೇಕಿತ್ತು. ಲಾಂಗ್ ಬೆಲ್ಲು ಹೊಡೆದ ಮೇಲೆ ಬೆರಳಿಗೆ ಬೆಲೆಯಿಲ್ಲ, ಆ ಮಕ್ಕಳನ್ನು ಮತ್ತೆ ಒಳಗೆ ಕೂರಿಸಲು ಯಾರಿಂದಲೂ ಆಗುವುದಿಲ್ಲ. ನಾನು ಕೈ ಬೀಸಿದೆ, ಕುರ್ಚಿಯ ಮೇಲೆ ಹತ್ತಿದೆ, ಸುಮ್ಮನಿರ್ರೋ ಎಂದು ಗಂಟಲು ಹರಿಯುವ ಹಾಗೆ ಕೂಗಿ ಗದ್ದಲಕ್ಕೆ ನನ್ನದೂ ಒಂದಿಷ್ಟು ಸೇರಿಸಿದೆ. ಭವ್ಯಳ ಚಿಕ್ಕಮ್ಮ ಈಗ ಮೊಣಕಾಲಿನ ಬಗ್ಗೆಯೂ ಹೇಳುತ್ತಿದ್ದರು. ಆ ಹುಡುಗಿ ಮತ್ತೆ ಹಾಸ್ಟೆಲ್ ಊಟಕ್ಕೆ ಹೋಗುತ್ತಾಳೆ, ಕಳಿಸಿದವನು ನಾನು ಎಂದು ನನ್ನ ಕಣ್ಣು ತುಂಬಿ ಬಂತು.

ಭವ್ಯ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡಳು. ಗ್ಯಾಲರಿಯ ಕಡೆ ತಿರುಗಿದಳು. ಬಲಗೈಯ ತೋರುಬೆರಳನ್ನು ಎತ್ತಿ ತುಟಿಯ ಮೇಲೆ ಇಟ್ಟಳು. ಹುಬ್ಬು ಸ್ವಲ್ಪ ಮೇಲೆ, ತಲೆ ಸ್ವಲ್ಪ ವಾರೆ. ಹಾಗೆ ನಿಲ್ಲುವವನು ಯಾರು ಎಂದು ನನಗೆ ಹೊಳೆಯುವುದರೊಳಗೆ ಇಡೀ ಗ್ಯಾಲರಿ ಕೈ ಕಟ್ಟಿ ಕೂತಿತ್ತು. ನಾನೂ ಕುರ್ಚಿಯಿಂದ ಇಳಿದು ಕೈ ಕಟ್ಟಿ ಕೂತೆ. ಮೊದಲನೆಯ ಚೆಂಡು ಬಳೆಗೆ ತಗಲದೆ ಒಳಗೆ ಹೋಯಿತು. ಎರಡನೆಯದನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ನಾಲ್ಕು ಗಂಟೆಯ ಗದ್ದಲ ಮತ್ತೆ ಕೇಳಿಸಿತು, ಅದರಿಂದ ಗೊತ್ತಾಯಿತು.

ತಂಡ ಇಲ್ಲೇ ಉಳಿಯಿತು, ಸದ್ಯಕ್ಕೆ ಇನ್ನೊಂದು ವರ್ಷ. ಅದು ಆ ಎರಡು ಚೆಂಡುಗಳಿಂದ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಮ್ಯಾನೇಜರು ಆ ಎರಡನ್ನೂ ನೋಡಿಯೇ ಇಲ್ಲ. ತಂಡವನ್ನು ಸಾಗಿಸುವ ವಿಷಯವಾಗಿ ಹೊರಗೆ ನಿಂತು ಒಡೆಯರ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಒಳಗಿನ ಸದ್ದು ಕೇಳಿ ಸೂರು ಬಿತ್ತೆಂದು ಹೆದರಿ ಓಡಿದರಂತೆ. ಫೋನಿನ ಆ ತುದಿಯಲ್ಲಿ ಒಡೆಯರಿಗೂ ಕೇಳಿಸಿತಂತೆ. ಊರಿಗೆ ತಂಡ ಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆ ಹೀಗೆ ತೀರ್ಮಾನವಾಯಿತು. ಸಭ್ಯತೆ ಫೋನಿನಲ್ಲಿ ಕೇಳಿಸುವುದಿಲ್ಲ ಎಂಬುದನ್ನು ನಾನು ನಿವೃತ್ತಿಯ ನಂತರ ಕಲಿತೆ.

ಆ ದಿನ ಹೊರಗೆ ಬಂದಾಗ ಕಂಬಿಯನ್ನು ಹೊತ್ತುಕೊಂಡು ಭವ್ಯಳೇ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ನನ್ನ ಹಾಗೆ ಬೆರಳಿಡಲು ಎಲ್ಲಿ ಕಲಿತೆ ಎಂದು ಕೇಳಿದೆ. ಹೊರಗೆ ನಿಲ್ಲಿಸಿದಾಗ ಕಿಟಕಿಯಿಂದ ನೋಡುತ್ತಿದ್ದೆನಲ್ಲ ಎಂದಳು. ಬಸ್ಸು ಬಂತು. ಕಂಬಿಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ತಿರುಗಿ ಹೇಳಿದಳು.

"ಇನ್ಮೇಲೆ ಬೆರಳು ನಂಗೆ ಇರ್ಲಿ ಸಾರ್. ನೀವು ಬೆಲ್ಲು ನೋಡ್ಕೊಳ್ಳಿ."

ಬಸ್ಸು ಗುಡ್ಡ ಇಳಿದು ಅವಳನ್ನು ಮನೆಗೆ ಕರೆದುಕೊಂಡು ಹೋಯಿತು. ನಾನು ಮನೆಗೆ ಬಂದು ಸುಮಿತ್ರಳಿಗೆ ಎಲ್ಲವನ್ನೂ ನಾಲ್ಕು ಸಲ ಹೇಳಿದೆ, ಗಂಟಲು ಕಟ್ಟಿದ್ದರಿಂದ ಬಹಳ ಮೆಲ್ಲಗೆ.